ಚೆನ್ನಾಗಿಲ್ಲ ಎನ್ನುವವರು ಬೇಕು

ಕಲಾಶಾಲೆ ಮುಗಿಸಿ ಒಂದೆರಡು ವರ್ಷವಾದವರು ಮನಸ್ಸಿನ ತೊಂದರೆ ಹೇಳಿಕೊಂಡು ನನ್ನ ಬಳಿ ಬರುವುದು ಹೊಸದಲ್ಲ. ನಿದ್ದೆ ಬರುವುದಿಲ್ಲ, ಕೆಲಸಕ್ಕೆ ಕೈ ಏಳುವುದಿಲ್ಲ, ಮನೆಯವರ ಫೋನ್ ಎತ್ತಲು ಮನಸ್ಸಿಲ್ಲ ಎನ್ನುತ್ತಾರೆ. ಈ ಪ್ರಕರಣವನ್ನು ಬರೆಯಲು ಕಾರಣ, ಎರಡು ಭೇಟಿ ಮುಗಿಯುವವರೆಗೆ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆಯೂ ಇದೆ.

ಆಕೆಗೆ 24 ವರ್ಷ. ಉತ್ತರ ಕರ್ನಾಟಕದ ಸಣ್ಣ ಊರಿನವಳು. ಗ್ರಾಫಿಕ್ ವಿಭಾಗದಲ್ಲಿ ಎಂ.ವಿ.ಎ. (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮುಗಿಸಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದಳು. ಪರೀಕ್ಷೆ ಹತ್ತಿರ ಬಂದರೆ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ವಾರ್ಷಿಕೋತ್ಸವ ಬಂದರೆ ವೇದಿಕೆಯ ಪರದೆ ಇವಳ ಹೆಗಲೇರುತ್ತದೆ. ಊರಿನಲ್ಲಿ ಗಂಡು ನೋಡುತ್ತಿದ್ದರು.

ಇಲ್ಲಿ ಗ್ರಾಫಿಕ್ ಎಂದರೆ ಕಂಪ್ಯೂಟರಿನ ಕೆಲಸವಲ್ಲ. ಸತುವಿನ ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಿ, ಗೀರುಗಳಿಗೆ ಮಸಿ ತುಂಬಿ, ಪ್ರೆಸ್ಸಿನ ಉರುಳೆಯಡಿ ತೇವದ ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ಬಣ್ಣ ಹಚ್ಚುವವರು ಬಾಡಿಗೆ ಕೋಣೆಯಲ್ಲೂ ಹೇಗೋ ಹಚ್ಚಿಯಾರು. ಹೀಗೆ ಅಚ್ಚು ತೆಗೆಯುವ ಎಚಿಂಗ್ ಪ್ರೆಸ್ ಬಾಡಿಗೆ ಕೋಣೆಗೆ ಬರುವ ವಸ್ತುವಲ್ಲ. ಕೋರ್ಸಿನ ಕೊನೆಯ ಪ್ರದರ್ಶನವಾದ ಫೈನಲ್ ಡಿಸ್‌ಪ್ಲೇ ಮುಗಿದ ವಾರವೇ ಆಕೆ ಸ್ಟುಡಿಯೊದ ಬೀಗದ ಕೈ ಒಪ್ಪಿಸಿ ಬಂದಿದ್ದಳು.

ಹಾಗಾಗಿ ಪ್ರೆಸ್ಸು ಮತ್ತು ಹಣ, ಇವೇ ಕೊರತೆ ಎಂದುಕೊಂಡೆ. ಚೆನ್ನೈನಲ್ಲಿ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರದ ಗ್ರಾಫಿಕ್ ಸ್ಟುಡಿಯೊ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯ ಯುವ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ಶಿಷ್ಯವೇತನ ಕೊಡುತ್ತದೆ, ಅದಕ್ಕೆ ವಯಸ್ಸಿನ ಮಿತಿ 25 ಎಂದೆಲ್ಲ ಬರೆದುಕೊಟ್ಟೆ. ಆಕೆ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಭೇಟಿಯವರೆಗೂ ಅದು ಹಾಗೆಯೇ ಇತ್ತು.

ಮೂರನೆಯ ಸಲ ಬರುವಾಗ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ತಗಡೊಂದನ್ನು ತಂದಿದ್ದಳು. ಅಂಗಳದಲ್ಲಿ ಒಣಗಲು ಹರಡಿದ ಮೆಣಸಿನಕಾಯಿ, ಅದರಾಚೆ ಬೆನ್ನು ಮಾಡಿ ಕುಳಿತ ಹೆಂಗಸು. ಕೊನೆಯ ವಾರ ಕೊರೆದದ್ದು, ಒಂದು ಪ್ರಿಂಟೂ ತೆಗೆದಿಲ್ಲ ಎಂದಳು.

“ನಾಳೆಯೇ ಪ್ರೆಸ್ ಸಿಕ್ಕರೆ?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದಳು. “ಗೊತ್ತಿಲ್ಲ ಮೇಡಂ. ತೆಗೆದು ಯಾರಿಗೆ ತೋರಿಸಲಿ? ಅವ್ವ ಚೆನ್ನಾಗಿದೆ ಎನ್ನುತ್ತಾಳೆ. ಶಾಲೆಯಲ್ಲಿ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಮೊಬೈಲಿನಲ್ಲಿ ಹಾಕಿದರೆ ಅಲ್ಲಿಯೂ ಅದೇ. ನಮ್ಮ ಸರ್ ಮಾತ್ರ ಹಿಂದೆ ನಿಂತು, ಈ ಮೂಲೆ ಸತ್ತಿದೆಯಲ್ಲಮ್ಮಾ ಎನ್ನುತ್ತಿದ್ದರು. ಆರು ವರ್ಷ ಬೈಸಿಕೊಂಡೆ. ಈಗ ಚೆನ್ನಾಗಿಲ್ಲ ಎನ್ನುವವರೇ ಇಲ್ಲ.”

ಸರ್‌ಗೆ ಫೋನ್ ಮಾಡಿದ್ದೀರಾ ಎಂದೆ. “ಏನೂ ಮಾಡದೆ ಯಾವ ಮುಖ ಇಟ್ಟುಕೊಂಡು ಮಾಡಲಿ?” ಎಂದು ಅತ್ತಳು. ಆವರೆಗೆ ಆಕೆ ಅತ್ತಿರಲಿಲ್ಲ.

ಸಾಯುವ ಯೋಚನೆ ಬಂದದ್ದುಂಟೇ ಎಂದು ನೇರವಾಗಿ ಕೇಳಿದೆ, ಇಲ್ಲ ಎಂದಳು. ಆದರೂ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಟ್ಟೆ. ಇಂಥ ಯಾರನ್ನೂ ಆ ಪ್ರಶ್ನೆ ಕೇಳದೆ ಕಳಿಸುವುದಿಲ್ಲ.

ಆಮೇಲೆ ಹೇಳಿದ್ದು ಇಷ್ಟು. ಕೆಲಸ ಬಿಡಬೇಡಿ. ಬೆಂಗಳೂರಿನಲ್ಲಿರುವ ಇಬ್ಬರು ಸಹಪಾಠಿಗಳನ್ನು ಹುಡುಕಿ, ತಿಂಗಳಿಗೊಂದು ಭಾನುವಾರ ಗೊತ್ತುಮಾಡಿ. ಕೆಲಸ ಮುಗಿದಿರಲಿ, ಅರ್ಧವಿರಲಿ, ತಂದು ಗೋಡೆಗೆ ಅಂಟಿಸಿ. ‘ಚೆನ್ನಾಗಿದೆ’ ಎಂಬ ಮಾತು ಆ ಕೋಣೆಯಲ್ಲಿ ನಿಷಿದ್ಧ. ಪ್ರೆಸ್ ಸಿಗುವವರೆಗೆ ಲಿನೋ (ಸುಲಭವಾಗಿ ಕೊರೆಯಬಹುದಾದ ಲಿನೋಲಿಯಂ ಹಾಳೆ) ಕೊರೆದು, ಕಾಗದದ ಬೆನ್ನನ್ನು ಚಮಚದಿಂದ ಉಜ್ಜಿ ಅಚ್ಚು ತೆಗೆಯಿರಿ. (ಈ ಉಪಾಯ ಆಕೆಯದೇ, ಮೊದಲ ವರ್ಷದಲ್ಲಿ ಹಾಗೆ ಮಾಡಿದ್ದಳಂತೆ.) ಸರ್‌ಗೆ, ಏನೂ ಮಾಡಿಲ್ಲ ಎಂದೇ ಫೋನ್ ಮಾಡಿ.

ಪರಿಚಯದ ಕಲಾವಿದರೊಬ್ಬರು ಇದನ್ನು ಕೇಳಿ ಸಿಟ್ಟಾದರು. ಕಲಾವಿದೆಗೆ ನೌಕರಿ ಮಾಡು ಎನ್ನುವುದು ಸಲಹೆಯೇ ಎಂದರು. ಹೌದು, ಸಲಹೆಯೇ. ಬಾಡಿಗೆ ಕಟ್ಟಲಾಗದೆ ಊರಿಗೆ ಮರಳಿದ್ದರೆ ಆಕೆಯ ಮುಂದೆ ಉಳಿಯುತ್ತಿದ್ದುದು ಮದುವೆಯೊಂದೇ. ಆ ಸಂಬಳ ಸಣ್ಣದಾದರೂ, ಮದುವೆ ಬೇಡ ಎನ್ನುವ ಶಕ್ತಿಯನ್ನು ಕೊಟ್ಟಿತ್ತು. ಇನ್ನೊಬ್ಬರು ಬೆಂಗಳೂರಿನ ವಾರ್ಷಿಕ ಕಲಾಮೇಳವಾದ ಚಿತ್ರಸಂತೆಯಲ್ಲಿ ಮಳಿಗೆ ಹಾಕಿಸಿ ಎಂದರು. ಜನವರಿಯ ಆ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಎಷ್ಟೋ ಕಲಾವಿದರಿಗೆ ಕೊಳ್ಳುವವರು ಸಿಗುತ್ತಾರೆ, ಅದು ದೊಡ್ಡ ಮಾತು. ಇವಳಿಗೆ ಬೇಕಾಗಿದ್ದದ್ದು ಕೊಳ್ಳುವವರಲ್ಲ.

ಕಲಾಶಾಲೆಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ವಿದ್ಯಾರ್ಥಿ ಗೋಡೆ, ಗಡುವು, ಬೈಯುವ ಗುರು ಮೂರನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆ. ಉದ್ಯೋಗದ ಬಗ್ಗೆ ಉಪನ್ಯಾಸ ಏರ್ಪಡಿಸುತ್ತೀರಿ, ಒಳ್ಳೆಯದು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಹಳೆಯ ವಿದ್ಯಾರ್ಥಿಗಳನ್ನು ಕರೆದು ಅವರ ಕೆಲಸದ ಹಿಂದೆ ನಿಲ್ಲಿ. ಬಿಡುವಿನ ದಿನ ಪ್ರೆಸ್ಸಿನ ಕೋಣೆ ತೆರೆದಿಡಿ. ಫೋನನ್ನು ನೀವೇ ಮಾಡಿ, ಏಕೆಂದರೆ ನಾಚಿಕೆ ಅವರ ಕೈ ಹಿಡಿದಿರುತ್ತದೆ.

ಮೊದಲ ಭಾನುವಾರ ಇಬ್ಬರಲ್ಲಿ ಒಬ್ಬಳೇ ಬಂದಳಂತೆ. ಬಂದವಳು ಲಿನೋ ಪ್ರಿಂಟ್ ನೋಡಿ, ಮಸಿ ದಪ್ಪವಾಗಿ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗಿವೆ, ಇಷ್ಟು ಅವಸರ ಏಕೆ ಎಂದಳಂತೆ. ಅದು ಅವಸರವಲ್ಲ, ಬೇಕೆಂದೇ ಮಾಡಿದ್ದು ಎಂದು ಇವಳು ನನ್ನ ಮುಂದೆ ಅರ್ಧ ಗಂಟೆ ವಾದಿಸಿದಳು, ಮತ್ತೊಂದು ಪ್ರಿಂಟ್ ತೆಗೆದು ತೋರಿಸುತ್ತೇನೆ ಎಂದಳು. ಸತುವಿನ ತಗಡು ಇನ್ನೂ ಪತ್ರಿಕೆಯ ಹಾಳೆಯಲ್ಲೇ ಇದೆ. ದಸರಾ ರಜೆಯಲ್ಲಿ ಚೆನ್ನೈಗೆ ಹೋಗಿ ಸ್ಟುಡಿಯೊ ವಿಚಾರಿಸುವ ಯೋಚನೆಯಿದೆ. ಶಿಷ್ಯವೇತನದ ಅರ್ಜಿಗೆ ಬೇಕಾದ ಪತ್ರವನ್ನು ಸರ್ ಬರೆದುಕೊಡುತ್ತಾರಂತೆ.