ಮಣ್ಣು ಹಾಕಿ ಹೊರಟುಹೋದ ಮಗ

ಪ್ರಶ್ನೆ: ನನಗೆ 64 ವರ್ಷ. ಇಬ್ಬರು ಗಂಡುಮಕ್ಕಳು. ದೊಡ್ಡವನು ಕುವೈತಿನಲ್ಲಿ ದುಡಿದು ಒಂಬತ್ತು ವರ್ಷ ಹಣ ಕಳುಹಿಸಿದ. ಆ ಹಣದಲ್ಲೇ ಮನೆ ಎದ್ದಿತು. ಚಿಕ್ಕವನು ಊರಿನಲ್ಲೇ ಇದ್ದು ನಮ್ಮನ್ನು ನೋಡಿಕೊಂಡ. ಮನೆ, ತೋಟ ಎರಡನ್ನೂ ಚಿಕ್ಕವನಿಗೇ ಬರೆಯಿರಿ ಎಂದು ಯಜಮಾನರಿಗೆ ಹೇಳಿದವಳು ನಾನೇ. ಉಯಿಲಿಗೆ ಸಹಿ ಹಾಕುವಾಗ ಅವರು "ದೊಡ್ಡವನಿಗೆ?" ಎಂದು ಕೇಳಿದರು. "ಅವನಿಗೆ ಸಂಬಳ ಇದೆಯಲ್ಲ" ಎಂದುಬಿಟ್ಟೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ, ವಿಷಯ ತಿಳಿದಿದ್ದ ದೊಡ್ಡವನು ಬಂದು ಮಣ್ಣು ಹಾಕಿ, ಮನೆಗೂ ಬಾರದೆ ಹೊರಟುಹೋದ. ಈಗ ಫೋನ್ ಎತ್ತುವುದಿಲ್ಲ. ದೊಡ್ಡಪ್ಪ ಯಾಕೆ ಬರುವುದಿಲ್ಲ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಕೋಪ ತಾನಾಗಿ ಇಳಿಯುತ್ತದೆ ಎನ್ನುತ್ತಾನೆ ಚಿಕ್ಕವನು. ಬೈಬಲ್ಲಿನ ಕುಟುಂಬಗಳನ್ನು ನೋಡಿ ಕಲಿಯಿರಿ ಎಂದು ಪಾದ್ರಿಗಳು ಹೇಳುತ್ತಾರೆ. ನಾನು ಯಾರನ್ನು ನೋಡಲಿ?

ಉತ್ತರ: ಅಮ್ಮಾ, ರೆಬೆಕ್ಕಳನ್ನು ನೋಡಿ. ಅವಳು ನಡೆದದ್ದೇ ಸರಿ ಎಂದಲ್ಲ; ನಿಮ್ಮ ಸಂಕಟವನ್ನು ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಆದಿಕಾಂಡದ 27ನೆಯ ಅಧ್ಯಾಯವನ್ನು ಅವಳ ಕಡೆಯಿಂದ ಓದಿ. ಗಂಡ ಇಸಾಕನ ಕಣ್ಣು ಮಂಜಾಗಿದೆ. ಹಿರಿಯ ಏಸಾವನೆಂದರೆ ಅವನಿಗೆ ಪ್ರೀತಿ, ಅವಳಿಗೆ ಕಿರಿಯ ಯಾಕೋಬನ ಮೇಲೆ ಜೀವ. ಮೈತುಂಬ ಕೂದಲಿದ್ದ ಅಣ್ಣನಂತೆ ಕೈಗೆ ತಗಲಲೆಂದು ಯಾಕೋಬನ ಕೈಗೂ ಕೊರಳಿಗೂ ಮೇಕೆಮರಿಯ ಚರ್ಮ ಸುತ್ತಿ, ಅಣ್ಣನಿಗೆ ಸಲ್ಲಬೇಕಿದ್ದ ಆಶೀರ್ವಾದವನ್ನು ತಮ್ಮನಿಗೆ ಕೊಡಿಸಿದಳು. ಏಸಾವ ಬೇಟೆಯಿಂದ ಬಂದು ವಿಷಯ ತಿಳಿದಾಗ ಅಪ್ಪನನ್ನು ಕೇಳಿದ್ದು ಆಸ್ತಿಯನ್ನಲ್ಲ: ನಿನ್ನ ಬಳಿ ಇದ್ದದ್ದು ಒಂದೇ ಆಶೀರ್ವಾದವೇ, ನನ್ನನ್ನೂ ಹರಸಪ್ಪಾ ಎಂದು ಗಟ್ಟಿಯಾಗಿ ಅತ್ತ. ನಿಮ್ಮ ದೊಡ್ಡ ಮಗನ ಅಳಲೂ ಇದೇ ಎಂದು ನನಗೆ ಅನ್ನಿಸುತ್ತದೆ. "ಅವನಿಗೆ ಸಂಬಳ ಇದೆಯಲ್ಲ" ಎಂಬ ಮಾತು ಅವನ ಒಂಬತ್ತು ವರ್ಷಗಳನ್ನು ಲೆಕ್ಕದಿಂದಲೇ ಹೊಡೆದುಹಾಕಿತು. ಚಿಕ್ಕವನು ನಿಮ್ಮ ಸೇವೆ ಮಾಡಿದ್ದು ಸುಳ್ಳಲ್ಲ. ಆದರೆ ಅವನ ಸೇವೆಗೆ ಅಣ್ಣನ ಬೆವರಿನಿಂದ ಬೆಲೆ ಕಟ್ಟಬಾರದಿತ್ತು.

ಆಮೇಲೆ ರೆಬೆಕ್ಕ ಯಾಕೋಬನಿಗೆ ಹೇಳಿದ್ದನ್ನು ಗಮನಿಸಿ. ಅಣ್ಣನ ಕೋಪ ಇಳಿಯುವ ತನಕ ಕೆಲವು ದಿನ ನನ್ನ ಅಣ್ಣ ಲಾಬಾನನ ಮನೆಯಲ್ಲಿರು, ನಾನೇ ಹೇಳಿ ಕಳುಹಿಸುತ್ತೇನೆ ಎಂದಳು. ಆ ಕೆಲವು ದಿನ ಇಪ್ಪತ್ತು ವರ್ಷವಾಯಿತು. ಅವಳು ಹೇಳಿ ಕಳುಹಿಸಿದ ಸುದ್ದಿ ಎಲ್ಲಿಯೂ ಇಲ್ಲ. ತಾಯಿ ಮಗ ಮತ್ತೆ ಒಬ್ಬರ ಮುಖ ಒಬ್ಬರು ನೋಡಿದ ಮಾತೂ ಇಲ್ಲ. ಅವಳ ದಾದಿ ದೆಬೋರಳ ಸಾವನ್ನು ಬರೆದ ಗ್ರಂಥ ಅವಳ ಸಾವನ್ನು ಬರೆದಿಲ್ಲ. ಈ ಭಾಗ ಓದುವಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಕೋಪ ತಾನಾಗಿ ಇಳಿಯುತ್ತದೆ ಎಂಬ ಚಿಕ್ಕ ಮಗನ ಮಾತನ್ನು ನಂಬಿ ಕೂರಬೇಡಿ.

ಯಾಕೋಬ ಕೊನೆಗೆ ಊರಿಗೆ ಮರಳಿದ್ದು ಬರಿಗೈಯಲ್ಲಲ್ಲ. ಇನ್ನೂರು ಮೇಕೆ, ಇನ್ನೂರು ಕುರಿ, ಹಾಲು ಕರೆಯುವ ಮೂವತ್ತು ಒಂಟೆ, ನಲವತ್ತು ಹಸು, ಹೀಗೆ ಹಿಂಡು ಹಿಂಡಾಗಿ ಮುಂದೆ ಕಳುಹಿಸಿ, ತಾನು ಏಳು ಸಲ ನೆಲಕ್ಕೆ ಬಾಗಿದ. ಏಸಾವ ಓಡಿ ಬಂದು ಅಪ್ಪಿಕೊಂಡ. ನನಗೆ ಬೇಕಾದಷ್ಟಿದೆ ತಮ್ಮಾ, ನಿನ್ನದು ನಿನಗೇ ಇರಲಿ ಎಂದ. ಯಾಕೋಬ ಬಿಡಲಿಲ್ಲ. ಆಗ ಅವನು ಕಾಣಿಕೆಗೆ ಬಳಸಿದ ಹೀಬ್ರೂ ಪದ 'ಬೆರಾಖಾ'. ಅಂದು ಮೋಸದಿಂದ ಪಡೆದ ಆಶೀರ್ವಾದಕ್ಕೂ ಅದೇ ಪದ. ಕಸಿದುಕೊಂಡದ್ದನ್ನು ಅವನು ಹೆಸರು ಹಿಡಿದೇ ಹಿಂದಕ್ಕೆ ಕೊಟ್ಟ.

ಹಾಗಾಗಿ ಚಿಕ್ಕ ಮಗನನ್ನು ಕೂರಿಸಿಕೊಂಡು ಮಾತನಾಡಿ. ಉಯಿಲಿನಂತೆ ಆಸ್ತಿ ಅವನದು. ಕೊಡಲೇಬೇಕೆಂದು ನೀವು ಕಟ್ಟಿಹಾಕುವಂತಿಲ್ಲ. ಮನಸ್ಸು ಮಾಡಿದರೆ ಅಣ್ಣನಿಗೆ ಒಂದು ಪಾಲನ್ನು ದಾನಪತ್ರದ ಮೂಲಕ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ಕೊಡಬಹುದು. ವಕೀಲರೊಬ್ಬರನ್ನು ಕಂಡು ವಿಚಾರಿಸಿ. ಅವನು ಒಪ್ಪದಿದ್ದರೆ ಮನೆಯೊಳಗೆ ಇನ್ನೊಂದು ಜಗಳ ಹಚ್ಚಬೇಡಿ. ಆದರೆ ಒಂದು ಮಾತು ಅವನಿಗೆ ತಿಳಿದಿರಲಿ: ಮೇಕೆಚರ್ಮದಿಂದ ಅಪ್ಪನನ್ನು ವಂಚಿಸಿದ ಯಾಕೋಬ, ಮುಂದೆ ತಾನೂ ಯೋಸೇಫನೊಬ್ಬನನ್ನೇ ಮುದ್ದು ಮಾಡಿದ. ಉಳಿದ ಮಕ್ಕಳು ಹೋತದ ರಕ್ತದಲ್ಲಿ ಅದ್ದಿದ ಯೋಸೇಫನ ಅಂಗಿಯನ್ನು ತೋರಿಸಿ, ಅವನು ಸತ್ತನೆಂದು ನಂಬಿಸಿ ಅಪ್ಪನನ್ನೇ ವಂಚಿಸಿದರು. ದೊಡ್ಡಪ್ಪನ ಬಗ್ಗೆ ಕೇಳುತ್ತಿರುವ ಮಕ್ಕಳು ಎಲ್ಲವನ್ನೂ ನೋಡುತ್ತಿದ್ದಾರೆ.

ನಿಮ್ಮ ಪಾಲಿನ ಕೆಲಸಕ್ಕೆ ಚಿಕ್ಕವನ ಒಪ್ಪಿಗೆ ಬೇಕಿಲ್ಲ. ಪಾದ್ರಿಗಳನ್ನಾಗಲಿ ಸೋದರಮಾವನನ್ನಾಗಲಿ ನಡುವೆ ತರಬೇಡಿ. ರೆಬೆಕ್ಕ ಎಲ್ಲವನ್ನೂ ಮರೆಯಲ್ಲಿ ನಿಂತು ನಡೆಸಿದಳು. ಏಸಾವನ ಜೊತೆ ಅವಳು ಆಡಿದ ಒಂದು ಮಾತೂ ಅಲ್ಲಿ ಇಲ್ಲ. ಫೋನ್ ಎತ್ತದಿದ್ದರೆ ಕೈಯಾರೆ ಕಾಗದ ಬರೆಯಿರಿ. "ಅಪ್ಪ ನಿನ್ನ ಹೆಸರು ಎತ್ತಿದ್ದರು. ಬೇಡವೆಂದವಳು ನಾನು. ತಪ್ಪಾಯಿತು ಮಗಾ." ಅಪ್ಪ ತನ್ನನ್ನು ಮರೆತರು ಎಂದು ಅವನು ಅಂದುಕೊಂಡಿರಬಹುದು, ಮರೆತಿರಲಿಲ್ಲ ಎಂಬುದು ನಿಮ್ಮೊಬ್ಬರಿಗೇ ಗೊತ್ತಿರುವ ಸತ್ಯ. "ಆದರೆ" ಎಂದು ಮುಂದುವರಿಸಬೇಡಿ, ಕ್ರಿಸ್ಮಸ್‌ಗೆ ಬಾ ಎಂದೂ ಅದರಲ್ಲೇ ಬರೆಯಬೇಡಿ.

ಅವನು ಬಂದರೂ ಒಂದೆರಡು ದಿನ ಇದ್ದು, ಹೆಂಡತಿಯ ತವರಿನಲ್ಲಿ ಉಳಿಯಬಹುದು. ಅಪ್ಪಿ ಅತ್ತ ಮೇಲೂ ಏಸಾವ ಸೇಯೀರಿಗೆ ಹೋದ, ಯಾಕೋಬ ಸುಕ್ಕೋತಿಗೆ ಹೋದ. ಅಪ್ಪನನ್ನು ಮಣ್ಣು ಮಾಡುವಾಗ ಮಾತ್ರ ಇಬ್ಬರೂ ಒಟ್ಟಿಗಿದ್ದರು. ನಿಮ್ಮ ಮಕ್ಕಳಿಗೆ ಆ ದಿನ ಆಗಲೇ ಕಳೆದುಹೋಗಿದೆ. ಕಾಗದವನ್ನು ಈ ವಾರವೇ ಅಂಚೆಗೆ ಹಾಕಿ.