ಪತ್ರಿಕೆಗಳು ನಮ್ಮ ಡಾರ್ಕ್ ಬ್ಲೂಸ್ ರಾಕ್ ಬ್ಯಾಂಡ್ ಬಗ್ಗೆ ಬರೆಯಬೇಕಾದರೆ ಏನು ಮಾಡಬೇಕು?

ಬೆಂಗಳೂರಿನ ನಾಲ್ವರ ಬ್ಯಾಂಡ್, ಲೇಬಲ್ ಇಲ್ಲ, ಐದು ಹಾಡಿನ ಇಪಿ (ಪೂರ್ತಿ ಆಲ್ಬಮ್‌ಗಿಂತ ಚಿಕ್ಕ ಬಿಡುಗಡೆ) ಬಿಟ್ಟಿದ್ದೀರಿ. ಮೂವತ್ತು ಕಡೆಗೆ ಮೇಲ್ ಹಾಕಿದರೂ ಒಬ್ಬರೂ ಉತ್ತರಿಸಲಿಲ್ಲ, ಹಾಡುಗಳೇ ಚೆನ್ನಾಗಿಲ್ಲವೇನೋ ಎಂದು ಕೇಳಿದ್ದೀರಿ. ನೀವು ಪ್ರಶ್ನೆಯ ಜೊತೆ ಕೊಟ್ಟಿರುವ ಮೇಲ್ ಓದಿದರೆ, ಅವರು ಹಾಡು ಕೇಳುವ ಹಂತಕ್ಕೇ ಬಂದಿರಲಾರರು. ಬಿಡುಗಡೆಯಾದ ಮೇಲೆ ಕಳಿಸಿದ್ದೀರಿ, ಅದು ಒಂದು. ‘ಡಾರ್ಕ್’ ಎಂಬ ಪದ ಬಿಟ್ಟರೆ ಸಂಗೀತ ಹೇಗಿದೆ ಎಂಬುದು ಅದರಲ್ಲಿ ಎಲ್ಲೂ ಇಲ್ಲ, ಅದು ಇನ್ನೊಂದು.

ಮೊದಲು ಎರಡನೆಯದನ್ನೇ ನೋಡೋಣ. ಪುರವಣಿಯ ಡೆಸ್ಕಿನಲ್ಲಿ ಕೂತವರು ಅದೇ ದಿನ ಸಿನಿಮಾ, ನಾಟಕ, ಊಟ–ತಿಂಡಿಯ ಪುಟಗಳನ್ನೂ ನೋಡುತ್ತಿರುತ್ತಾರೆ. ಡಾರ್ಕ್ ಅಂದರೆ ಮೆಟಲ್ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ‘ಕಾಡುವ’, ‘ಆಳವಾದ’, ‘ಕತ್ತಲೆಯ’ ಎಂಬ ವಿಶೇಷಣಗಳನ್ನು ತೆಗೆದುಹಾಕಿ, ಕಿವಿಗೆ ಬೀಳುವುದನ್ನು ಬರೆಯಿರಿ: ನಿಧಾನಗತಿಯ 12/8 ತಾಳ, ಮೈನರ್ ಸ್ಕೇಲ್, ಸ್ಲೈಡ್ ಗಿಟಾರ್, ಕೀಬೋರ್ಡ್ ಇಲ್ಲ, ತಗ್ಗಿದ ಗಂಡುದನಿ. ಇಂಥ ಒಂದು ಸಾಲಿನಿಂದ ವರದಿಗಾರರು ತಮ್ಮ ಸಾಲು ಕಟ್ಟಿಕೊಳ್ಳಬಹುದು. ನಿಮ್ಮ ಗಿಟಾರಿಸ್ಟ್ ಓಪನ್ ಡಿ ಮೈನರ್ ಟ್ಯೂನಿಂಗ್ (ತಂತಿಗಳನ್ನು ಬರಿದೇ ಮೀಟಿದರೂ ಡಿ ಮೈನರ್ ಸ್ವರಮೇಳ ಬರುವ ಶ್ರುತಿ) ಬಳಸುತ್ತಿದ್ದರೆ ಅದನ್ನೂ ಸೇರಿಸಿ. ತಂತಿಗಳು ದಪ್ಪದಿಂದ ತೆಳುವಿನ ಕಡೆಗೆ ಡಿ–ಎ–ಡಿ–ಎಫ್–ಎ–ಡಿ. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ 1931ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಪ್ಯಾರಾಮೌಂಟ್ ಕಂಪನಿಗೆ ಧ್ವನಿಮುದ್ರಿಸಿದ ಹಾಡುಗಳ ಕಪ್ಪುಛಾಯೆಗೆ ಇಂಥ ಮೈನರ್ ಟ್ಯೂನಿಂಗ್ ದೊಡ್ಡ ಕಾರಣ. ಹೀಗೆ ಹೇಳಿದರೆ ‘ಡಾರ್ಕ್’ಗೆ ಅರ್ಥವೂ ಬರುತ್ತದೆ, ಬೇರೂ ಸಿಗುತ್ತದೆ. ನುಡಿಸದೇ ಇರುವುದನ್ನು ಮಾತ್ರ ಬರೆಯಬೇಡಿ. ಸಂದರ್ಶನದ ಎರಡನೇ ಪ್ರಶ್ನೆಯೇ ಅದಾಗಿರುತ್ತದೆ.

ಕನ್ನಡ ಪತ್ರಿಕೆಗೆ ಇಂಗ್ಲಿಷ್ ಪ್ರಕಟಣೆಯ ಅನುವಾದ ಕಳಿಸಬೇಡಿ. ವಿದೇಶಿ ಬ್ಯಾಂಡುಗಳ ಹೋಲಿಕೆ ಅಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಐದರಲ್ಲಿ ಎರಡು ಹಾಡು ಕನ್ನಡದವು ಎಂದಿದ್ದೀರಿ. ಅವುಗಳ ಪೂರ್ತಿ ಸಾಹಿತ್ಯವನ್ನು ಮೇಲ್‌ನಲ್ಲೇ ಹಾಕಿ. ಕನ್ನಡದ ಪುರವಣಿಗಳಲ್ಲಿ ಕವಿತೆ ಓದುವವರು ಬಹಳ ಜನ ಇದ್ದಾರೆ, ಅವರು ಮಾತಿನಿಂದ ರಾಗದ ಕಡೆಗೆ ಬರುತ್ತಾರೆ. ನಿಮ್ಮ ಕೈಲಿರುವ ದೊಡ್ಡ ಬಲ ಇದೇ ಎಂದು ನನ್ನ ನಂಬಿಕೆ. ಜೊತೆಗೆ, ರಘು ದೀಕ್ಷಿತ್ ಶರೀಫರ ತತ್ವಪದಗಳನ್ನು ಹಾಡಿರುವುದರಿಂದ ‘ನೀವೂ ಹಾಗೇನಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡು ವಾಕ್ಯದ ಉತ್ತರ ಸಿದ್ಧವಿರಲಿ.

ಪಠ್ಯವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೇಲ್‌ನ ಒಡಲಲ್ಲೇ ಅಂಟಿಸಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರದಲ್ಲಿ ಬರೆದು ಪಿಡಿಎಫ್ ಮಾಡಿ ಕಳಿಸಿದರೆ, ಅವರು ನಕಲು ಮಾಡಿದಾಗ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮತ್ತೆ ಟೈಪ್ ಮಾಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಬ್ಯಾಂಡಿನ ಪರಿಚಯ 50, 150, 300 ಪದಗಳಲ್ಲಿ, ಮೂರು ಅಳತೆಯಲ್ಲಿ ಇರಲಿ. ಜಾಗ ಎಷ್ಟಿದೆಯೋ ಅಷ್ಟನ್ನು ಎತ್ತಿಕೊಳ್ಳುತ್ತಾರೆ. ನಾಲ್ವರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಬರೆದುಕೊಡಿ.

ಇನ್ನು ಫೋಟೊ. ನಿಮ್ಮಂಥ ಬ್ಯಾಂಡುಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕಪ್ಪು ಅಂಗಿ, ಕಪ್ಪು ಗೋಡೆ, ಒಂದೇ ಬದಿಯಿಂದ ಬೆಳಕು. ಫೋನಿನಲ್ಲಿ ಅದ್ಭುತವಾಗಿ ಕಾಣುತ್ತದೆ. ಆದರೆ ಪತ್ರಿಕೆಯ ಕಾಗದ ಶಾಯಿ ಹೀರುತ್ತದೆ, ಮುದ್ರಣದ ಚುಕ್ಕಿಗಳು ಹರಡಿ ನೆರಳಿನ ಭಾಗವೆಲ್ಲ ಒಂದೇ ಮಸಿಯಾಗುತ್ತದೆ. ಮುಖವೇ ಕಾಣದ ಚಿತ್ರವನ್ನು ಪುಟ ಕಟ್ಟುವವರು ಪಕ್ಕಕ್ಕಿಡುತ್ತಾರೆ, ಎಷ್ಟೋ ಸಲ ಚಿತ್ರದ ಜೊತೆ ಸುದ್ದಿಯೂ ಹೋಗುತ್ತದೆ. ಪತ್ರಿಕೆಗೆಂದೇ ಬೇರೆ ಫೋಟೊ ತೆಗೆಸಿ: ಬೂದು ಅಥವಾ ತಿಳಿ ಹಿನ್ನೆಲೆ, ನಾಲ್ಕೂ ಮುಖದ ಮೇಲೆ ಬೆಳಕು, ಬಟ್ಟೆ ಕಪ್ಪೇ ಇರಲಿ. ಒಂದು ಅಡ್ಡ, ಒಂದು ಉದ್ದ, ದೊಡ್ಡ ಬದಿಯಲ್ಲಿ ಕನಿಷ್ಠ 3000 ಪಿಕ್ಸೆಲ್, ಮೇಲೆ ಲೋಗೊ ಬೇಡ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊದಂತೆ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಲಿಂಕ್ ಮೂಲಕ ಕಳಿಸಿ. ಎಡದಿಂದ ಬಲಕ್ಕೆ ಯಾರು ಯಾರು, ತೆಗೆದವರು ಯಾರು ಎಂಬುದನ್ನು ಕಡತದ ಹೆಸರಿನಲ್ಲೇ ಬರೆಯಿರಿ. ಕಳಿಸುವ ಮುಂಚೆ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ. ಜೆರಾಕ್ಸ್‌ನಲ್ಲಿ ಮುಖ ಗುರುತು ಸಿಕ್ಕರೆ ಪತ್ರಿಕೆಯಲ್ಲೂ ಸಿಗುತ್ತದೆ.

ಹಾಡಿನ ಕಡತವನ್ನು ಮೇಲ್‌ಗೆ ಲಗತ್ತಿಸಬೇಡಿ. ಡೌನ್‌ಲೋಡ್ ಇಲ್ಲದೆ ನುಡಿಯುವ ಖಾಸಗಿ ಸ್ಟ್ರೀಮಿಂಗ್ ಲಿಂಕ್ ಒಂದು ಸಾಕು. ಗೂಗಲ್ ಡ್ರೈವ್ ಆದರೆ ಅನುಮತಿಯನ್ನು ‘ಲಿಂಕ್ ಇರುವ ಯಾರಾದರೂ’ ಎಂದು ಬದಲಿಸಿ, ನಿಮ್ಮ ಖಾತೆಯಿಂದ ಹೊರಬಂದು ತೆರೆದು ಪರೀಕ್ಷಿಸಿ. ಅನುಮತಿ ಕೇಳುವ ಪರದೆ ಬಂದರೆ ಅಲ್ಲಿಗೆ ಮುಗಿಯಿತು. ಮೊದಲು ಯಾವ ಹಾಡು ಕೇಳಬೇಕು ಎಂದು ಹೆಸರಿಸಿ. ನಿಮ್ಮ ಮೊದಲ ಹಾಡಿಗೆ ಒಂದೂವರೆ ನಿಮಿಷದ ಪೀಠಿಕೆ ಇದೆ, ಹಾಗಾಗಿ ಅದು ಬೇಡ.

ಈಗ ಸಮಯ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಹೊರಬರುವುದು ಶುಕ್ರವಾರ. ವಾರಾಂತ್ಯದ ಪುರವಣಿಗಳ ಪುಟ ಅದಕ್ಕೂ ಮೊದಲೇ ಮುಗಿದಿರುತ್ತದೆ, ಆದ್ದರಿಂದ ಬಿಡುಗಡೆಯ ದಿನ ಹೋದ ಮೇಲ್ ಹಳಸಿದ ಸುದ್ದಿ. ಮಾಸಿಕಗಳಿಗೆ ಎರಡು ತಿಂಗಳು ಮುಂಚೆ, ವೆಬ್‌ಸೈಟುಗಳಿಗೆ ಮೂರು–ನಾಲ್ಕು ವಾರ, ಪುರವಣಿಗೆ ಹತ್ತು–ಹದಿನೈದು ದಿನ, ‘ನಗರದಲ್ಲಿ ಇಂದು’ ಅಂಕಣಕ್ಕೆ ನಾಲ್ಕೈದು ದಿನ ಮೊದಲು ಕಳಿಸಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸುವುದಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು. ಮಂಗಳವಾರ, ಬುಧವಾರದ ಬೆಳಗ್ಗೆ ಒಳ್ಳೆಯ ಹೊತ್ತು. ಫೋನ್ ಮಾಡಲೇಬೇಕಾದರೆ ಮಧ್ಯಾಹ್ನಕ್ಕೆ ಮುಂಚೆ ಮಾಡಿ, ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ಬೇಡ. ಉತ್ತರ ಬಾರದಿದ್ದರೆ ಐದಾರು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಒಂದೇ ಒಂದು ಸಲ ನೆನಪಿಸಿ.

ಮೂವತ್ತು ವಿಳಾಸಕ್ಕೆ ಒಂದೇ ಮೇಲ್ ಅನ್ನು ಬಿಸಿಸಿ ಹಾಕುವುದನ್ನು ಬಿಡಿ. ಕಳೆದ ಆರು ತಿಂಗಳಲ್ಲಿ ಸ್ವತಂತ್ರ ಸಂಗೀತದ ಬಗ್ಗೆ ಬರೆದ ಹತ್ತು ಜನರ ಬೈಲೈನ್ (ಲೇಖನದ ಜೊತೆ ಬರುವ ಬರೆದವರ ಹೆಸರು) ಹುಡುಕಿ, ಪ್ರತಿಯೊಬ್ಬರಿಗೂ ಹೆಸರು ಹಿಡಿದು ಬರೆಯಿರಿ. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಶುರುಮಾಡಿದ ರಾಕ್ ಸ್ಟ್ರೀಟ್ ಜರ್ನಲ್‌ನಂಥ, ರಾಕ್‌ಗೇ ಮೀಸಲಾದ ಪುಟಗಳು ಈಗ ಬಲು ಕಡಿಮೆ. ಉಳಿದಿರುವ ಜಾಗಕ್ಕೆ ಒಂದು ಕಾರಣ ಬೇಕು, ಅದು ಪರಿಶೀಲಿಸಬಹುದಾದ ಸಂಗತಿಯಾಗಿರಬೇಕು. ಶಿಲ್ಲಾಂಗ್‌ನ ಸೋಲ್‌ಮೇಟ್ ಎಂಬ ಬ್ಲೂಸ್ ಬ್ಯಾಂಡ್ 2007ರಲ್ಲಿ ಅಮೆರಿಕದ ಮೆಂಫಿಸ್‌ನ ಇಂಟರ್‌ನ್ಯಾಷನಲ್ ಬ್ಲೂಸ್ ಚಾಲೆಂಜ್ ಸ್ಪರ್ಧೆಗೆ ಹೋಯಿತು. ಊರು ಮತ್ತು ಆ ಒಂದು ಸಂಗತಿ ಅವರ ಬಗ್ಗೆ ಬಂದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಿಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. ಇಡೀ ಇಪಿಯನ್ನು ಒಂದೇ ಕೋಣೆಯಲ್ಲಿ, ಓವರ್‌ಡಬ್ (ಆಮೇಲೆ ಬೇರೆಯಾಗಿ ಸೇರಿಸುವ ಧ್ವನಿ) ಇಲ್ಲದೆ ಎರಡು ದಿನದಲ್ಲಿ ಮುದ್ರಿಸಿದ್ದೀರಲ್ಲ, ಅದನ್ನು ಮೇಲ್‌ನ ವಿಷಯದ ಸಾಲಿಗೇ ತನ್ನಿ. ಬ್ಲೂಸ್ ಬಗ್ಗೆ ಬರೆಯಲು ಡೆಸ್ಕುಗಳಿಗೆ ನೆಪ ಸಿಗುವುದು ಹೆಚ್ಚಾಗಿ ಮುಂಬೈನ ಮಹೀಂದ್ರ ಬ್ಲೂಸ್ ಉತ್ಸವದ ಆಸುಪಾಸು, ಅಂದರೆ ಫೆಬ್ರವರಿ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

‘ಇಷ್ಟು ಕೊಟ್ಟರೆ ಲೇಖನ ಹಾಕುತ್ತೇವೆ’ ಎಂಬ ಮೇಲ್ ಬಂದರೆ ಅದು ಜಾಹೀರಾತು. ಆ ದುಡ್ಡನ್ನು ಫೋಟೊಗೆ ಹಾಕಿ.

ಈಗಿನ ಇಪಿಯನ್ನೇ ಮತ್ತೆ ಕಳಿಸುವ ಹಾಗಿಲ್ಲ. ಆರು ವಾರದಾಚೆಗೆ ಒಂದು ಕಾರ್ಯಕ್ರಮ ಗೊತ್ತುಮಾಡಿ. ಕನ್ನಡದ ಎರಡರಲ್ಲಿ ಒಂದು ಹಾಡನ್ನು ನೇರವಾಗಿ ನುಡಿಸಿ, ಅದರ ವಿಡಿಯೊ ಮಾಡಿ. ಅದನ್ನು ಕಾರ್ಯಕ್ರಮಕ್ಕೆ ಎಂಟು ದಿನ ಮುಂಚೆ ಬಿಡುವಂತೆ ಇಟ್ಟುಕೊಂಡು, ಇವೆರಡನ್ನೇ ಸುದ್ದಿಯಾಗಿ ಕಳಿಸಿ. ಮೊದಲು ಬರುವುದು ಮೂರು ಸಾಲಿನ ‘ಇಂದಿನ ಕಾರ್ಯಕ್ರಮ’ವೇ ಇರಬಹುದು. ಅದರ ಇ–ಪೇಪರ್ ಪುಟವನ್ನು ಅಂದೇ ಪಿಡಿಎಫ್ ಮಾಡಿ, ಪತ್ರಿಕೆಯ ಹೆಸರು ಮತ್ತು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಲಿಂಕುಗಳು ಬಹಳ ದಿನ ಉಳಿಯುವುದಿಲ್ಲ. ಹೆಸರು ತಪ್ಪಾಗಿದ್ದರೆ ಅದೇ ದಿನ ವಿನಯದಿಂದ ತಿಳಿಸಿ. ಹಾಡು ಹಿಡಿಸಲಿಲ್ಲ ಎಂದು ಬರೆದಿದ್ದರೆ ಓದಿದ್ದಕ್ಕೆ, ಕೇಳಿದ್ದಕ್ಕೆ ಧನ್ಯವಾದ ಹೇಳಿ, ಮುಂದಿನ ಹಾಡನ್ನೂ ಅವರಿಗೆ ಕಳಿಸಿ.