ಮಾಸ್ಕ್‌ನ ಒಳಗೆ ಹಬೆ ಕೂತರೆ ಅಪಾಯ ಶುರು

ಪ್ರಶ್ನೆ: ಬದಿಯಡ್ಕದ ಹತ್ತಿರ ನಮಗೆ ಎರಡು ಎಕರೆ ಗೇರುಗುಡ್ಡೆ ಇದೆ. ಗಲ್ಫ್‌ನಿಂದ ಬಂದ ತಮ್ಮ ಅಲ್ಲಿ ಪೇಂಟ್‌ಬಾಲ್ (ಬಣ್ಣ ತುಂಬಿದ ಗುಂಡನ್ನು ಗನ್‌ನಿಂದ ಒಬ್ಬರಿಗೊಬ್ಬರು ಹೊಡೆಯುವ ಆಟ) ಮೈದಾನ ಮಾಡಿದ್ದಾನೆ. ಗನ್, ಮಾಸ್ಕ್, ಜಾಕೆಟ್ ಎಲ್ಲ ಇದೆ. ಆದರೆ ಹುಡುಗರು ಆಟದ ನಡುವೆ ಮಾಸ್ಕ್ ಎತ್ತಿಬಿಡುತ್ತಾರೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಗುಂಡಿನ ವೇಗ ಎಷ್ಟಿರಬೇಕು ಎಂದೂ ತಿಳಿಸಿ.
– ಓದುಗರು, ಬದಿಯಡ್ಕ

ಉತ್ತರ: ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಯಾಕೆ ಎತ್ತುತ್ತಾರೆ ಅಂತ ಒಮ್ಮೆ ಹತ್ತಿರ ನಿಂತು ನೋಡಿ. ನಮ್ಮ ಕಡೆಯ ಸೆಕೆಗೆ ಐದು ನಿಮಿಷ ಓಡಿದರೆ ಸಾಕು, ಲೆನ್ಸ್‌ನ ಒಳಗೆ ಹಬೆ ಕೂರುತ್ತದೆ. ಎದುರಿನ ಮರವೇ ಕಾಣುವುದಿಲ್ಲ. ಆಗ ಗದ್ದದ ಕೆಳಗೆ ಎರಡು ಬೆರಳು ತೂರಿಸಿ ಮಾಸ್ಕನ್ನು ಒಂದಿಂಚು ಮೇಲೆತ್ತುತ್ತಾರೆ. ಒರೆಸಲು ಎರಡೇ ಸೆಕೆಂಡು. ಕಣ್ಣು ಹೋಗಲು ಅಷ್ಟೇ ಸಾಕು.

ಹಾಗಾಗಿ ಮೊದಲು ಹಬೆಗೆ ಮದ್ದು ಮಾಡಿ. ಎರಡು ಪದರದ ಲೆನ್ಸ್ ಬರುತ್ತದೆ, ಅದಕ್ಕೆ 'ಥರ್ಮಲ್ ಲೆನ್ಸ್' ಅನ್ನುತ್ತಾರೆ. ನಡುವೆ ಗಾಳಿ ಇರುವುದರಿಂದ ಹಬೆ ಬೇಗ ಕೂರುವುದಿಲ್ಲ. ದುಡ್ಡು ಜಾಸ್ತಿ, ನಿಜ. ಜಾಕೆಟ್‌ನಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ. ಮಾಸ್ಕ್ ಮೇಲೆ ಎ.ಎಸ್.ಟಿ.ಎಂ. ಎಫ್ 1776 ಎಂಬ ಗುರುತು ಇದೆಯೇ ನೋಡಿ. ಅದು ಪೇಂಟ್‌ಬಾಲ್‌ಗೆಂದೇ ಇರುವ ಮಾನದಂಡ. ಬೈಕ್ ಹೆಲ್ಮೆಟ್ಟು, ವೆಲ್ಡಿಂಗ್ ಕನ್ನಡಕ ಯಾವುದೂ ಇದಕ್ಕೆ ಬದಲಿ ಅಲ್ಲ.

ಇನ್ನೊಂದು ನಿಯಮ ಮಾಡಿ. ಕಾಣದಿದ್ದರೆ ಕೈ ಎತ್ತಿ ನಿಲ್ಲಬೇಕು, 'ಕಣ್ಣು' ಅಂತ ಕೂಗಬೇಕು. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿ, ಅವನ ಭುಜ ಹಿಡಿದು ಮೈದಾನದ ನೆಟ್‌ನ ಹೊರಗೆ ಕರೆದುಕೊಂಡು ಹೋಗಬೇಕು. ಒರೆಸುವುದು ಅಲ್ಲಿ. ಹೊರಗೆ ಹೋದವನಿಗೆ 'ಔಟ್' ಕೊಡಬೇಡಿ. ಔಟ್ ಆಗುವ ಹೆದರಿಕೆಗೇ ಎಷ್ಟೋ ಮಂದಿ ಒಳಗೇ ಮಾಸ್ಕ್ ಎತ್ತುತ್ತಾರೆ. ನಾನು ರೆಫ್ರಿ ಆಗಿದ್ದ ಒಂದು ಮೈದಾನದಲ್ಲಿ ಈ ಒಂದು ಬದಲಾವಣೆ ಮಾಡಿದ ಮೇಲೆ ನನ್ನ ಕೂಗಾಟವೇ ಕಡಿಮೆಯಾಯಿತು.

ಮತ್ತೆ, ಬೋರ್ಡು ಬರೀ ಇಂಗ್ಲಿಷ್‌ನಲ್ಲಿ ಬೇಡ. 'ಇಲ್ಲಿ ಮಾಸ್ಕ್ ತೆಗೀಬೇಡಿ' ಅಂತ ಕನ್ನಡ, ಮಲಯಾಳ ಎರಡರಲ್ಲೂ ದಪ್ಪಕ್ಷರದಲ್ಲಿ ಹಾಕಿ. ಆಟಕ್ಕೆ ಮೊದಲು ತುಳುವಿನಲ್ಲೂ ಒಮ್ಮೆ ಹೇಳಿ.

ನಿಮ್ಮದು ಗೇರುಗುಡ್ಡೆ, ಸೊಳ್ಳೆ ಇದ್ದೇ ಇರುತ್ತದೆ. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಲೆನ್ಸ್ ಮುಟ್ಟಲು ಬಿಡಬೇಡಿ. ಕೆಲವು ಮುಲಾಮಿನಲ್ಲಿರುವ 'ಡೀಟ್' ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಗಾಜು ಒರೆಸುವ ಸ್ಪ್ರೇ ಕೂಡ ಬೇಡ. ನೀರು, ಮೆತ್ತನೆ ಬಟ್ಟೆ ಸಾಕು. ಗೀರು ಅಥವಾ ಬಿರುಕು ಕಂಡ ಲೆನ್ಸನ್ನು ಅಂದೇ ಎಸೆಯಿರಿ. ಆಟಗಾರರ ಮರೆಗೆಂದು ಇಟ್ಟ ಟಯರುಗಳಿಗೆ ತೂತು ಕೊರೆಯಿರಿ. ಇಲ್ಲದಿದ್ದರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಸಾಕಿದ ಹಾಗೆ. ಜಾಗದಲ್ಲಿ ಬಾವಿ, ಸುರಂಗದ ಬಾಯಿ, ಹಳೆ ಕೆಂಪುಕಲ್ಲಿನ ಕೋರೆ ಏನಾದರೂ ಇದ್ದರೆ ಬೇಲಿ ಹಾಕಿಯೇ ಆಟ ಶುರು ಮಾಡಿ. ಮಾಸ್ಕ್ ಹಾಕಿದವನಿಗೆ ಕಾಲ ಬುಡ ಕಾಣುವುದಿಲ್ಲ.

ಇನ್ನು ವೇಗ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಎಂಬುದು ಎಲ್ಲೆಡೆ ಒಪ್ಪಿದ ಗರಿಷ್ಠ ಮಿತಿ. ನೀವು 280ಕ್ಕೇ ನಿಲ್ಲಿಸಿ. ಅಳೆಯಲು ಕ್ರೋನೋಗ್ರಾಫ್ ಬೇಕೇ ಬೇಕು, ಅಂದಾಜು ನಡೆಯುವುದಿಲ್ಲ. ಅಂದಿನ ಆಟಕ್ಕೆ ಹಾಕುವ ಗುಂಡಿನಿಂದಲೇ ಪ್ರತಿ ಗನ್ ಅಳೆಯಿರಿ. ನಿಮ್ಮದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಆಗಿದ್ದರೆ ಮಧ್ಯಾಹ್ನ ಇನ್ನೊಮ್ಮೆ ಅಳೆಯಿರಿ. ಬಿಸಿಲು ಏರಿದಂತೆ ಒಳಗಿನ ಒತ್ತಡವೂ ಏರುತ್ತದೆ. ಬೆಳಗ್ಗೆ 280 ತೋರಿಸಿದ ಗನ್ ಏಪ್ರಿಲ್ ಬಿಸಿಲಿಗೆ 300 ದಾಟಬಹುದು. ಸಿಲಿಂಡರನ್ನು ಜೀಪಿನೊಳಗೆ ಬಿಸಿಲಿಗೆ ಇಟ್ಟು ಹೋಗಬೇಡಿ.

ಪ್ರಶ್ನೆ: ನೋಡುವವರು ನಿಲ್ಲುವ ಜಾಗಕ್ಕೆ ನಮ್ಮಲ್ಲಿರುವ ಕ್ರಿಕೆಟ್ ನೆಟ್ ಸಾಕಾಗಬಹುದೇ? ಗುಂಡು ಕಣ್ಣಿಗೇ ಬಡಿದರೆ ಮೊದಲು ಏನು ಮಾಡಬೇಕು?
– ಓದುಗರು, ಉಪ್ಪಳ

ಉತ್ತರ: ಸಾಲದು. ಪೇಂಟ್‌ಬಾಲ್ ಗುಂಡಿನ ಅಡ್ಡಳತೆ ಸುಮಾರು 17 ಮಿಲಿಮೀಟರ್. ಕ್ರಿಕೆಟ್ ನೆಟ್‌ನ ಕಣ್ಣಿನಲ್ಲಿ ಆರಾಮಾಗಿ ನುಸುಳುತ್ತದೆ. ಅಡಿಕೆ ಸಸಿಗೆ ಕಟ್ಟುವ ಹಸಿರು ನೆಟ್ ಕೂಡ ನಂಬಬೇಡಿ, ಬಿಸಿಲಿಗೆ ಹಳತಾದರೆ ಹರಿಯುತ್ತದೆ. ಪೇಂಟ್‌ಬಾಲ್‌ಗೆಂದೇ ಮಾಡಿದ ನೆಟ್ ಹಾಕಿ, ಅದರ ಹಿಂದೆ ನಿಂತವರಿಗೂ ಮಾಸ್ಕ್ ಕೊಡಿ. ಮೈದಾನದಿಂದ ಹೊರಬರುವ ಪ್ರತಿ ಗನ್ನಿನ ನಳಿಗೆಗೆ ಚೀಲ ಹಾಕಿರಬೇಕು.

ಕಣ್ಣಿಗೆ ಬಡಿದರೆ ಉಜ್ಜಬೇಡಿ, ಒತ್ತಬೇಡಿ, ಮನೆಯಲ್ಲಿರುವ ಹನಿ ಮದ್ದು ಬಿಡಬೇಡಿ. ಕಾಗದದ ಲೋಟದ ತಳದ ಭಾಗ ಕತ್ತರಿಸಿ ತೆಗೆದು, ಅದನ್ನು ಕಣ್ಣಿಗೆ ತಾಗದ ಹಾಗೆ ಮೇಲಿಟ್ಟು ಟೇಪ್ ಹಚ್ಚಿ ಹೊರಡಿ. 'ಈಗ ಕಾಣ್ತಾ ಉಂಟು, ನಾಳೆ ಹೋದರಾಯ್ತು' ಅಂತ ಹುಡುಗ ಹೇಳಿದರೂ ಕೇಳಬೇಡಿ. ಒಳಗೆ ರಕ್ತ ಒಸರುವುದು, ರೆಟಿನಾ ಹರಿಯುವುದು ಹೊರಗಿನಿಂದ ಗೊತ್ತಾಗುವುದಿಲ್ಲ. ಭಾನುವಾರ ಸಂಜೆಯೂ ಕಣ್ಣಿನ ಡಾಕ್ಟರು ಸಿಗುವ ಆಸ್ಪತ್ರೆ ಯಾವುದು, ಕಾಸರಗೋಡೋ ಮಂಗಳೂರೋ, ಈಗಲೇ ಫೋನ್ ಮಾಡಿ ಕೇಳಿ, ನಂಬರನ್ನು ಟಿಕೆಟ್ ಕೌಂಟರಿನ ಗೋಡೆಗೆ ಅಂಟಿಸಿಡಿ.